ಯೋಧನ ಮನೆಗೆ ಸಲ್ಲಬೇಕಾದ್ದು ಫೈಲಿನಲ್ಲಿ ಸಿಕ್ಕಿಕೊಳ್ಳುವುದು ಎಲ್ಲಿ?

2016ರ ಫೆಬ್ರವರಿ ನಿಮಗೆ ನೆನಪಿರಬಹುದು. ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ 3ನೇ ತಾರೀಕು ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಅದರಡಿ ಹೂತುಹೋದರು. ಇನ್ನು ಯಾರೂ ಉಳಿದಿಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದಾಗ, ಆರು ದಿನ ಕಳೆದ ಮೇಲೆ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ದೇಶವೇ ದೇವರಿಗೆ ಹರಕೆ ಹೊತ್ತಿತು. 11ನೇ ತಾರೀಕು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅದೇ ಹಿಮದಲ್ಲಿ ಹಾಸನದ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ ಕೂಡ ಹೋದರು. ಈ ಎರಡು ಹೆಸರು ಎಷ್ಟು ಜನರಿಗೆ ನೆನಪಿದೆ ಅನ್ನುವುದು ಬೇರೆ ಮಾತು.

ಸೈನಿಕ ಸತ್ತಾಗ ದುಃಖಪಡುವುದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆ ಊರೇ ರಸ್ತೆಗೆ ಬರುತ್ತದೆ. ಅಂಗಡಿ ಬಾಗಿಲು ಹಾಕುತ್ತಾರೆ. ಶಾಲೆ ಮಕ್ಕಳು ಬಾವುಟ ಹಿಡಿದು ಬಿಸಿಲಲ್ಲಿ ನಿಲ್ಲುತ್ತಾರೆ. ಅದರಲ್ಲಿ ತೋರಿಕೆ ಇಲ್ಲ ಅಂತಲ್ಲ, ಫ್ಲೆಕ್ಸ್‌ನಲ್ಲಿ ಯೋಧನ ಫೋಟೋಗಿಂತ ದೊಡ್ಡದಾಗಿ ತಮ್ಮ ಫೋಟೋ ಹಾಕಿಸಿಕೊಳ್ಳುವ ಪುಢಾರಿಗಳನ್ನೂ ನೋಡಿದ್ದೇವೆ. ಆದರೂ ಸಾಮಾನ್ಯ ಜನರ ಕಣ್ಣೀರು ಸುಳ್ಳಲ್ಲ.

ನನ್ನ ತಕರಾರು ಅದರ ಬಗ್ಗೆ ಅಲ್ಲವೇ ಅಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಆ ಮನೆಗೆ ಒಂದೊಂದಾಗಿ ಕಾಗದ ಬರಲು ಶುರುವಾಗುತ್ತದೆ. ಸರ್ಕಾರ ಆ ಸಾವನ್ನು ಹೇಗೆ ನೋಡಿತು, ಕುಟುಂಬ ಅಂದರೆ ಯಾರು ಅಂತ ಬಗೆಯಿತು, ಮೈಕ್ ಮುಂದೆ ಹೇಳಿದ್ದರಲ್ಲಿ ಎಷ್ಟನ್ನು ಆದೇಶ ಮಾಡಿತು – ಗೌರವ ನಿಜವಾಗಿ ಅಳೆಯುವುದು ಅಲ್ಲಿ. ಅಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ, ಹಾಗಾಗಿ ನಮಗೂ ಅದರ ಬಗ್ಗೆ ಗೊತ್ತಿರುವುದು ಕಮ್ಮಿ.

ಮೊದಲು ಸಾವಿನ ವರ್ಗೀಕರಣ. ಇದು ಕೇಳಲು ಕ್ರೂರ ಅನ್ನಿಸಬಹುದು, ಆದರೆ ಎಲ್ಲವೂ ನಿಂತಿರುವುದು ಇದರ ಮೇಲೇ. ಸೇವೆಯಲ್ಲಿದ್ದಾಗ ಸೈನಿಕ ತೀರಿಕೊಂಡರೆ ಆ ಸಾವನ್ನು 'ಎ'ಯಿಂದ 'ಇ'ವರೆಗಿನ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಸೇವೆಗೂ ಸಾವಿಗೂ ಸಂಬಂಧವಿಲ್ಲ ಅಂದರೆ 'ಎ'. ಸೇವೆಯಿಂದ ಬಂದ ಅಥವಾ ಸೇವೆಯಿಂದ ಜಾಸ್ತಿಯಾದ ಕಾಯಿಲೆಯಾದರೆ 'ಬಿ', ಕೆಲಸದ ಮೇಲಿದ್ದಾಗ ಅಪಘಾತವಾದರೆ 'ಸಿ'. ಉಗ್ರರ ದಾಳಿಯಂಥ ಹಿಂಸೆ 'ಡಿ', ಶತ್ರುವಿನ ಜೊತೆಗಿನ ಕಾದಾಟ, ಯುದ್ಧ, ಯುದ್ಧದಂಥ ಪರಿಸ್ಥಿತಿ 'ಇ'.

ಈಗ ಲೆಕ್ಕ ನೋಡಿ. ಒಬ್ಬ ಜವಾನನ ಕೊನೆಯ ಸಂಬಳ ತಿಂಗಳಿಗೆ 40,000 ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳೋಣ. ಸಾವು 'ಡಿ' ಅಥವಾ 'ಇ' ವರ್ಗಕ್ಕೆ ಬಂದರೆ ಹೆಂಡತಿಗೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟೇ, ಪೂರ್ತಿ 40,000. 'ಬಿ' ಅಥವಾ 'ಸಿ' ಆದರೆ ವಿಶೇಷ ಕುಟುಂಬ ಪಿಂಚಣಿ, ಶೇ 60, ಅಂದರೆ 24,000. 'ಎ' ಆದರೆ ಮಾಮೂಲಿ ಕುಟುಂಬ ಪಿಂಚಣಿ. ಮೊದಲ 10 ವರ್ಷ ಶೇ 50, ಆಮೇಲೆ ಶೇ 30ಕ್ಕೆ ಇಳಿದು 12,000. ಇದರ ಮೇಲೆ ತುಟ್ಟಿಭತ್ಯೆ ಬರುತ್ತದೆ, ಅದೂ ಇದೇ ಪ್ರಮಾಣದಲ್ಲೇ. ಇಪ್ಪತ್ತೈದು, ಇಪ್ಪತ್ತಾರು ವರ್ಷದ ಹೆಂಡತಿ ಮುಂದೆ ಐವತ್ತು ವರ್ಷ ಬದುಕುತ್ತಾಳೆ ಅಂದುಕೊಂಡರೆ, ಒಂದು ಅಕ್ಷರದ ವ್ಯತ್ಯಾಸದಿಂದ ಅವಳ ಇಡೀ ಜೀವನವೇ ಬೇರೆ ದಾರಿ ಹಿಡಿಯುತ್ತದೆ.

ಕೇಂದ್ರದ ಒಂದು ಬಾರಿಯ ಪರಿಹಾರವೂ ಹಾಗೇ. 2016ರ ಜನವರಿಯಿಂದ ಜಾರಿಯಾದ ಪಟ್ಟಿಯಲ್ಲಿ ಕರ್ತವ್ಯದ ಮೇಲಿನ ಅಪಘಾತಕ್ಕೆ 25 ಲಕ್ಷ, ಉಗ್ರರ ಹಿಂಸೆಗೆ 25 ಲಕ್ಷ, ಗಡಿಯ ಚಕಮಕಿಗೆ 35 ಲಕ್ಷ, ಎತ್ತರದ ಹಿಮಪ್ರದೇಶದಲ್ಲಿ ಹವಾಮಾನಕ್ಕೆ ಬಲಿಯಾದರೆ 35 ಲಕ್ಷ, ಯುದ್ಧದಲ್ಲಾದರೆ 45 ಲಕ್ಷ ಅಂತ ಇದೆ.

ವ್ಯತ್ಯಾಸ ಇರಬಾರದು ಅಂತ ನಾನು ಹೇಳುತ್ತಿಲ್ಲ. ರಜೆಯಲ್ಲಿ ಬೈಕಿನಿಂದ ಬಿದ್ದು ಸತ್ತದ್ದಕ್ಕೂ ಗುಂಡು ತಿಂದು ಸತ್ತದ್ದಕ್ಕೂ ಒಂದೇ ಲೆಕ್ಕ ಅಂದರೆ ಸೈನಿಕರೇ ಒಪ್ಪುವುದಿಲ್ಲ. ತೊಂದರೆ ಇರುವುದು ನಡುವಿನ ಸಾವುಗಳಲ್ಲಿ. ಗಡಿಯಲ್ಲಿ ಗುಂಡೇಟಿನಿಂದಲೇ ಎಲ್ಲರೂ ಸಾಯುವುದಿಲ್ಲ. ಚಳಿ, ಎತ್ತರ, ಉಸಿರು, ಹೃದಯ, ಬಂಡೆ, ನದಿ – ಇವೂ ಸಾಯಿಸುತ್ತವೆ. ಇಂಥ ಸಾವನ್ನು ಯಾವ ಅಕ್ಷರಕ್ಕೆ ಸೇರಿಸಬೇಕು ಅಂತ ತೀರ್ಮಾನ ಮಾಡುವವರು ದೂರದ ಆಫೀಸಿನಲ್ಲಿ ಕೂತಿರುತ್ತಾರೆ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದ ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಆಗ ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿಯುತ್ತದೆ. ಜಮ್ಮು ಕಾಶ್ಮೀರ, ಗಡಿ ನಿಯಂತ್ರಣ ರೇಖೆಯ ಹತ್ತಿರ, 2013ರ ಜನವರಿ. ಒಬ್ಬ ನಾಯಕ್ ನಡುರಾತ್ರಿ ಕಳೆದ ಮೇಲೆ ಗಸ್ತಿಗೆ ಹೋಗಿದ್ದರು. ವಿಪರೀತ ಚಳಿ. ಉಸಿರಾಡಲು ಆಗುತ್ತಿಲ್ಲ ಅಂದರು. ಹವಾಮಾನ ಕೆಟ್ಟಿದ್ದರಿಂದ ಹೆಲಿಕಾಪ್ಟರ್ ತರಿಸಲು ಆಗಲಿಲ್ಲ. ಜೊತೆಗಾರರು ಅವರನ್ನು ನಡೆದುಕೊಂಡೇ ಆಸ್ಪತ್ರೆಗೆ ಸಾಗಿಸಿದರು. ಅಷ್ಟರಲ್ಲಿ ಜೀವ ಹೋಗಿತ್ತು. ಹೃದಯ ಮತ್ತು ಉಸಿರು ನಿಂತು ಸಾವು ಅಂತ ಬರೆದರು.

ಮೊದಲು ಇದನ್ನು 'ಯುದ್ಧದ ಸಾವು' ಅಂತಲೇ ದಾಖಲಿಸಿದ್ದರು. ಆಮೇಲೆ ತಿದ್ದಿ, ಸೇವೆಗೆ ಸಂಬಂಧಪಟ್ಟ 'ದೈಹಿಕ ಸಾವು', ಅಂದರೆ ಯುದ್ಧದ ಲೆಕ್ಕಕ್ಕೆ ಸೇರದ ಸಾವು, ಅಂತ ಮಾಡಿದರು. ಹೆಂಡತಿಗೆ ಉದಾರೀಕೃತ ಪಿಂಚಣಿ ಇಲ್ಲ ಅಂದರು. ಆಕೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. 2019ರಲ್ಲಿ ಅಲ್ಲಿ ಗೆದ್ದರು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. ಇನ್ನೂ ಐದು ವರ್ಷ. ಗಡಿಯಲ್ಲಿ ಕೆಲಸದ ಮೇಲಿದ್ದಾಗ ಹವಾಮಾನದಿಂದ ಬಂದ ಕಾಯಿಲೆಗೆ ಬಲಿಯಾದರೂ ಅದು ಯುದ್ಧದ ಸಾವೇ ಅಂತ ಸೇನೆಯ 2003ರ ಆದೇಶದಲ್ಲೇ ಇದೆ. ಕೋರ್ಟು ಅದನ್ನೇ ತೋರಿಸಿ ಮೇಲ್ಮನವಿ ತಳ್ಳಿಹಾಕಿತು. ಕರ್ತವ್ಯದಲ್ಲಿ ಸತ್ತ ಸೈನಿಕನ ಹೆಂಡತಿಯನ್ನು ಹೀಗೆ ಕೋರ್ಟಿಗೆ ಎಳೆಯಬಾರದಿತ್ತು ಅಂತ ಹೇಳಿ, ಆಕೆಗೆ 50,000 ರೂಪಾಯಿ ಖರ್ಚು ಕೊಡಿ ಅಂತ ಸರ್ಕಾರಕ್ಕೆ ಆದೇಶ ಮಾಡಿತು.

ಹನ್ನೊಂದು ವರ್ಷ, ಹನ್ನೊಂದು ತಿಂಗಳ ಹತ್ತಿರ ಆಯಿತು. ಇಲ್ಲಿ ಯಾರೂ ದುಷ್ಟರಲ್ಲ ಅನ್ನುವುದೇ ನನಗೆ ಕಾಡುವ ವಿಷಯ. ಜೊತೆಗಾರರು ಹೊತ್ತುಕೊಂಡು ನಡೆದರು. ಘಟಕದವರು ಸರಿಯಾಗಿಯೇ ಬರೆದಿದ್ದರು. ಮೇಲೆ ಯಾರೋ ನಿಯಮದ ಪುಸ್ತಕ ನೋಡಿ ಒಂದು ಪದ ಬದಲಾಯಿಸಿದರು. ಮೇಲ್ಮನವಿ ಹಾಕದಿದ್ದರೆ ನಾಳೆ ಆಡಿಟ್‌ನವರು ಕೇಳುತ್ತಾರೆ, ಹಾಕಿದರೆ ಯಾರೂ ಕೇಳುವುದಿಲ್ಲ. ಸರ್ಕಾರಿ ಆಫೀಸು ಅಂದರೆ ಹಾಗೇ, ಸೋತ ಕೇಸನ್ನು ಮುಂದಕ್ಕೆ ಒಯ್ಯುವುದೇ ಸೇಫು.

ಅಂಗವಿಕಲ ಪಿಂಚಣಿ ವಿಷಯದಲ್ಲೂ ಇದೇ ಕತೆ. ಸೇನೆಗೆ ಸೇರುವಾಗ ಆರೋಗ್ಯವಾಗಿದ್ದಾನೆ ಅಂತ ಬರೆದುಕೊಂಡ ಮೇಲೆ, ನಂತರ ಬಂದ ಕಾಯಿಲೆ ಸೇವೆಯಿಂದ ಬಂದದ್ದು ಅಂತಲೇ ಹಿಡಿಯಬೇಕು, ಅಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು ಅಂತ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆಮೇಲೂ ಒಬ್ಬೊಬ್ಬರೇ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಲೇ ಇದ್ದಾರೆ.

ದುಡ್ಡಿನ ಮಾತು ಎತ್ತಿದರೆ ಕೆಲವರಿಗೆ ಮುಜುಗರ. ಬಲಿದಾನಕ್ಕೆ ಬೆಲೆ ಕಟ್ಟುತ್ತೀರಾ ಅಂತ ಕೇಳುತ್ತಾರೆ. ನಮ್ಮ ಹಿಂದಿನವರಿಗೆ ಈ ಮುಜುಗರ ಇರಲಿಲ್ಲ. ಕರ್ನಾಟಕದ ತುಂಬಾ ಇರುವ ವೀರಗಲ್ಲುಗಳನ್ನೇ ನೋಡಿ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅದರ ಜೊತೆಗೆ ಸತ್ತವನ ಮನೆಯವರಿಗೆ ಯಾವ ಭೂಮಿ ಬಿಟ್ಟರು ಅನ್ನುವುದನ್ನೂ ಎಷ್ಟೋ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ನೆತ್ತರುಗೊಡಗೆ ಅಂತ ಅದಕ್ಕೆ ಹೆಸರು. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಕಲ್ಲಂತೂ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಯ ನೆನಪಿಗೆ ನಿಲ್ಲಿಸಿದ್ದು. ಅದಕ್ಕೂ ಭೂಮಿ ಬಿಟ್ಟಿದ್ದಾರೆ, ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿನ ಶೈವ ಪೂಜಾರಿ, ಉಂಡರೆ ಪಾಪ ತಟ್ಟುತ್ತದೆ ಅಂತ ಕಟ್ಟುಪಾಡನ್ನೂ ಬರೆಸಿದ್ದಾರೆ! ಕೊಟ್ಟ ಮಾತು ತಪ್ಪಬಾರದು ಅಂತ ಕಲ್ಲಿನ ಮೇಲೆ ಷರತ್ತು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಈಗ ಒಂದೇ ಕಲ್ಲಿನ ಭಾರಿ ವೀರಗಲ್ಲು ನಿಲ್ಲಿಸಿದ್ದೇವೆ. ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಬಂತು, 25,000ಕ್ಕೂ ಹೆಚ್ಚು ಹೆಸರುಗಳಿವೆ. ಕಲ್ಲಿನ ಕೆಲಸದಲ್ಲಿ ನಾವು ಹಿಂದೆ ಬಿದ್ದಿಲ್ಲ.

ಇನ್ನು ಎರಡನೇ ಗಂಟು. ಕುಟುಂಬ ಅಂದರೆ ಯಾರು?

2023ರ ಜುಲೈನಲ್ಲಿ ಸಿಯಾಚಿನ್‌ನಲ್ಲಿ ಬೆಂಕಿ ಬಿದ್ದಾಗ ಜೊತೆಗಾರರನ್ನು ಉಳಿಸಲು ಹೋಗಿ ಕ್ಯಾಪ್ಟನ್ ಅಂಶುಮನ್ ಸಿಂಗ್ ತೀರಿಕೊಂಡರು. ಸೇನೆಯ ಡಾಕ್ಟರ್ ಅವರು. ಮರುವರ್ಷ ಕೀರ್ತಿ ಚಕ್ರ ಬಂತು. ಅದನ್ನು ಪಡೆದುಕೊಂಡ ಕೆಲವೇ ದಿನಕ್ಕೆ ಅಪ್ಪ ಅಮ್ಮ ಒಂದು ಕಡೆ, ಹೆಂಡತಿ ಒಂದು ಕಡೆ ಆಗಿ ದೊಡ್ಡ ಸುದ್ದಿಯಾಯಿತು. ಸೋಷಿಯಲ್ ಮೀಡಿಯಾದಲ್ಲಿ ಆ ಹೆಣ್ಣುಮಗಳಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಗಂಡ ಸತ್ತು ಒಂದು ವರ್ಷವಾದ ಹೆಣ್ಣಿಗೆ ದೇಶಭಕ್ತರು ಅಂತ ಹೇಳಿಕೊಳ್ಳುವವರು ಹಾಗೆ ಬರೆದರು.

ನಿಯಮ ಏನು ಹೇಳುತ್ತದೆ? ಮದುವೆಗೆ ಮುಂಚೆ ಸೈನಿಕನ ಹತ್ತಿರದ ಸಂಬಂಧಿ ಅಂತ ದಾಖಲಾಗುವವರು ಅಪ್ಪ ಅಮ್ಮ. ಮದುವೆಯಾದ ಮೇಲೆ ಆ ಜಾಗಕ್ಕೆ ಹೆಂಡತಿ ಬರುತ್ತಾಳೆ. ಕುಟುಂಬ ಪಿಂಚಣಿ ಹೆಂಡತಿಗೆ. ವಿಮೆ ಹಣ ಮಾತ್ರ ಸೈನಿಕ ಬರೆದುಕೊಟ್ಟ ನಾಮನಿರ್ದೇಶನದಂತೆ ಹಂಚಿಕೆಯಾಗುತ್ತದೆ. ಈ ಪ್ರಕರಣದಲ್ಲೂ ಒಂದು ಕೋಟಿ ವಿಮೆ ಅರ್ಧರ್ಧ ಹೋಯಿತು, ಉತ್ತರ ಪ್ರದೇಶ ಸರ್ಕಾರದ 50 ಲಕ್ಷದಲ್ಲಿ 35 ಲಕ್ಷ ಹೆಂಡತಿಗೆ, 15 ಲಕ್ಷ ಅಪ್ಪ ಅಮ್ಮನಿಗೆ ಕೊಟ್ಟರು ಅಂತ ಸೇನೆಯ ಮೂಲಗಳಿಂದಲೇ ಸುದ್ದಿ ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಅಪ್ಪ ಅಮ್ಮನ ನೋವು ನಿಜ, ಆದರೆ ಅದನ್ನು ಸೊಸೆಯ ಪಾಲಿನಿಂದ ಕಿತ್ತು ತುಂಬಿಸುವುದು ತಪ್ಪು. ವಯಸ್ಸಾದ, ಮಗನನ್ನೇ ನಂಬಿಕೊಂಡಿದ್ದ ತಂದೆ ತಾಯಿಗೆ ಬೇರೆಯೇ ಒಂದು ಪಾಲು ಇಡುವುದು ಸರ್ಕಾರಕ್ಕೆ ದೊಡ್ಡ ಹೊರೆಯೇನಲ್ಲ. ಒಂದೇ ರೊಟ್ಟಿಯನ್ನು ಇಬ್ಬರ ಮುಂದೆ ಇಟ್ಟು ಹಂಚಿಕೊಳ್ಳಿ ಅಂದರೆ ಜಗಳ ಆಗದೆ ಇರುತ್ತದೆಯೇ? ನಮ್ಮ ಹಳ್ಳಿಗಳಲ್ಲೂ ಪರಿಹಾರದ ಚೆಕ್ಕು ಬಂದ ಮೇಲೆ ಅತ್ತೆ ಸೊಸೆ ಮಾತು ಬಿಟ್ಟ ಮನೆಗಳಿವೆ.

ಹೆಂಡತಿಯನ್ನು ಗೌರವಿಸುತ್ತೇವೆ ಅನ್ನುವ ವ್ಯವಸ್ಥೆ ಆಕೆಯನ್ನು ಹೇಗೆ ನೋಡಿದೆ ಅನ್ನುವುದಕ್ಕೆ ಒಂದು ಹಳೇ ನಿಯಮ ಸಾಕ್ಷಿ. ಶೌರ್ಯ ಪದಕ ಪಡೆದವರ ವಿಧವೆಗೆ ತಿಂಗಳಿಗೆ ಒಂದು ಭತ್ಯೆ ಬರುತ್ತದೆ. ಆಕೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. 1995ರಲ್ಲಿ ಸ್ವಲ್ಪ ಸಡಿಲ ಮಾಡಿದರು – ಹೇಗೆ ಗೊತ್ತಾ? ಸತ್ತ ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಭತ್ಯೆ ಉಂಟು, ಬೇರೆಯವರನ್ನು ಮದುವೆಯಾದರೆ ಇಲ್ಲ! ಹಣ ಮನೆಯಿಂದ ಹೊರಗೆ ಹೋಗಬಾರದು, ಅಷ್ಟೇ. ಈ ಷರತ್ತನ್ನು ತೆಗೆದದ್ದು 2017ರ ನವೆಂಬರ್‌ನಲ್ಲಿ. ಇಪ್ಪತ್ತೊಂದನೇ ಶತಮಾನದ ಹದಿನೇಳು ವರ್ಷ ಇದು ಭಾರತ ಸರ್ಕಾರದ ಲಿಖಿತ ಆದೇಶವಾಗಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಕರ್ನಾಟಕದಿಂದಲೇ ಒಂದು ಒಳ್ಳೆಯ ತೀರ್ಪು ಬಂದಿದೆ. ಪಾಕಿಸ್ತಾನದ ಗಡಿಯಲ್ಲಿ ಸೇನೆ ಜಮಾಯಿಸಿದ ಆಪರೇಷನ್ ಪರಾಕ್ರಮದ ಹೊತ್ತಿನಲ್ಲಿ, 2001ರಲ್ಲಿ, ನೆಲಬಾಂಬು ತೆಗೆಯುವಾಗ ಒಬ್ಬ ಸುಬೇದಾರರು ತೀರಿಕೊಂಡರು. ಆಗ ಚಿಕ್ಕವಳಾಗಿದ್ದ ಮಗಳು ಓದಿ ದೊಡ್ಡವಳಾಗಿ, ಸರ್ಕಾರಿ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಲು ಅವಲಂಬಿತರ ಗುರುತಿನ ಚೀಟಿ ಕೇಳಿದರು. ಮದುವೆಯಾಗಿದೆ, ಕೊಡಲು ಬರುವುದಿಲ್ಲ ಅಂದರು. ಮಗನಾಗಿದ್ದರೆ ಮದುವೆಯಾಗಿದ್ದರೂ ಕೊಡುತ್ತಿದ್ದರು. 2023ರ ಜನವರಿಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ನಿಯಮವನ್ನು ರದ್ದು ಮಾಡಿದರು. ಮದುವೆಯಾದರೂ ಆಗದಿದ್ದರೂ ಮಗ ಮಗನೇ ಆಗಿರುವಾಗ, ಮಗಳೂ ಮಗಳೇ ಅನ್ನುವುದು ತೀರ್ಪಿನ ಸಾರ. ಅಪ್ಪ ಪ್ರಾಣ ಕೊಡುವಾಗ ಮಗಳ ಮದುವೆಯ ಷರತ್ತು ಹಾಕಿರಲಿಲ್ಲ, ಚೀಟಿ ಕೊಡುವಾಗ ಯಾಕೆ?

ಮೂರನೆಯದು ಹೊಸ ಪ್ರಶ್ನೆ, ಮತ್ತು ಮುಂದೆ ಜಾಸ್ತಿ ಆಗುವ ಪ್ರಶ್ನೆ: ಅಗ್ನಿವೀರರು. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರುವ ಹುಡುಗರಿಗೆ ಸೇವೆ ನಾಲ್ಕು ವರ್ಷ, ಅವರಲ್ಲಿ ಶೇ 25ರಷ್ಟು ಜನರನ್ನು ಮಾತ್ರ ಕಾಯಂ ಮಾಡಿಕೊಳ್ಳುತ್ತಾರೆ. ಸೇವೆಗೆ ಸಂಬಂಧಪಟ್ಟ ಸಾವಾದರೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ, ಸೇವಾನಿಧಿಯ (ಸಂಬಳದಲ್ಲಿ ಹಿಡಿದ ಪಾಲಿಗೆ ಸರ್ಕಾರವೂ ಅಷ್ಟೇ ಸೇರಿಸುವ ನಿಧಿ) ಹಣ. ಒಟ್ಟು ಮೊತ್ತ ಸಣ್ಣದಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಯಾಚಿನ್‌ನಲ್ಲಿ ಅಗ್ನಿವೀರನೊಬ್ಬ ತೀರಿಕೊಂಡಾಗ ಸೇನೆಯೇ ಈ ಪಟ್ಟಿಯನ್ನು ಪ್ರಕಟಿಸಿತು. ಹಾಗಾಗಿ "ಅಗ್ನಿವೀರ ಸತ್ತರೆ ಏನೂ ಕೊಡುವುದಿಲ್ಲ" ಅಂತ ಹರಡುವುದು ಸುಳ್ಳು.

ಆದರೆ ಕುಟುಂಬ ಪಿಂಚಣಿ ಇಲ್ಲ. ಅದು ಪೂರ್ತಿ ನಿಜ. ಒಂದೇ ಪೋಸ್ಟಿನಲ್ಲಿ, ಒಂದೇ ಹಿಮದಡಿ, ಅಕ್ಕಪಕ್ಕದಲ್ಲಿ ಇಬ್ಬರು ಸತ್ತರೆ ಒಬ್ಬನ ಮನೆಗೆ ಪ್ರತಿ ತಿಂಗಳು ಪೂರ್ತಿ ಸಂಬಳದಷ್ಟು ಪಿಂಚಣಿ, ಇನ್ನೊಬ್ಬನ ಮನೆಗೆ ಒಂದು ಸಲದ ಇಡುಗಂಟು. ಇಡುಗಂಟು ಹಳ್ಳಿಮನೆಯಲ್ಲಿ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲವೇ? ಸಾಲ ತೀರುತ್ತದೆ, ತಂಗಿಯ ಮದುವೆಯಾಗುತ್ತದೆ, ಮನೆಗೆ ಆರ್‌ಸಿಸಿ ಬೀಳುತ್ತದೆ, ಯಾರೋ ದೂರದ ನೆಂಟ ಫೈನಾನ್ಸಿಗೆ ಹಾಕೋಣ ಅಂತ ಬರುತ್ತಾನೆ. ತಿಂಗಳು ತಿಂಗಳು ಬರುವ ಹಣವನ್ನು ಹಾಗೆ ಯಾರೂ ಒಂದೇ ಸಲ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಕರ್ತವ್ಯದಲ್ಲಿ ಸತ್ತ ಅಗ್ನಿವೀರನ ಕುಟುಂಬಕ್ಕೂ ಉಳಿದ ಸೈನಿಕರಂತೆಯೇ ಸೌಲಭ್ಯ ಕೊಡಿ ಅಂತ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಶಿಫಾರಸು ಮಾಡಿದೆ. ಸೇವೆಯ ಅವಧಿ ಕಮ್ಮಿ ಇರಬಹುದು, ಸಾವಿನಲ್ಲಿ ಅರೆಕಾಲಿಕ ಅಂತ ಇಲ್ಲವಲ್ಲ. ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯ ಹೊತ್ತಿಗೆ.

ಸಿಆರ್‌ಪಿಎಫ್, ಬಿಎಸ್‌ಎಫ್‌ನವರದ್ದು ಇನ್ನೊಂದೇ ಲೋಕ. 2019ರ ಪುಲ್ವಾಮಾ ದಾಳಿಯಲ್ಲಿ ಸತ್ತ 40 ಜನರಲ್ಲಿ ಮಂಡ್ಯದ ಗುಡಿಗೆರೆಯ ಎಚ್. ಗುರು ಇದ್ದರು. ಜನರ ಕಣ್ಣಿಗೆ ಅವರೆಲ್ಲ 'ಮಿಲಿಟ್ರಿ'. ಸರ್ಕಾರದ ಲೆಕ್ಕದಲ್ಲಿ ಅವರು ಗೃಹ ಇಲಾಖೆಯ ಅಡಿ ಬರುವ ಪಡೆ, ನಿಯಮ ಬೇರೆ, ನಿವೃತ್ತಿ ಪಿಂಚಣಿ ಬೇರೆ. ಇದಕ್ಕೇ ಒಂದು ಲೇಖನ ಬೇಕಾಗುತ್ತದೆ, ಇಲ್ಲಿಗೆ ಬಿಡುತ್ತೇನೆ.

ರಾಜ್ಯ ಸರ್ಕಾರಗಳ ಘೋಷಣೆಗೆ ಬರೋಣ. ದೆಹಲಿ ಮತ್ತು ಪಂಜಾಬಿನಲ್ಲಿ ಒಂದು ಕೋಟಿ, ಉತ್ತರ ಪ್ರದೇಶದಲ್ಲಿ 50 ಲಕ್ಷ. ನಮ್ಮಲ್ಲಿ ಹನುಮಂತಪ್ಪ ಅವರ ಕುಟುಂಬಕ್ಕೆ 25 ಲಕ್ಷ ಘೋಷಿಸಿದ್ದರು, 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ತೀರಿಕೊಂಡ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಅವರ ಕುಟುಂಬಕ್ಕೆ 50 ಲಕ್ಷ. ಒಂದೇ ಗುಂಡಿಗೆ ಎರಡು ರಾಜ್ಯದ ಇಬ್ಬರು ಸತ್ತರೆ ಎರಡು ಬೆಲೆ. ಹಣ ಹೇಗೋ ಬಂದುಬಿಡುತ್ತದೆ, ಚೆಕ್ಕು ಕೊಡುವ ಫೋಟೋ ಬೇಕಲ್ಲ. ಎಡವುವುದು ಜಮೀನು, ಸೈಟು, ಕೆಲಸ ಅಂದ ಕಡೆ. ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ, ಅಂದರೆ 1969ರಿಂದಲೇ, ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಇಟ್ಟಿದ್ದಾರೆ. ಆದರೆ ಅರ್ಜಿ ಹಿಡಿದು ತಾಲ್ಲೂಕು ಆಫೀಸಿಗೆ ಹೋದರೆ ಸಿಗುವ ಉತ್ತರ ಒಂದೇ: ಖಾಲಿ ಜಾಗ ಎಲ್ಲಿದೆ? ಒಂದು ಸರ್ವೆ ನಂಬರ್ ಅರಣ್ಯದ್ದು, ಇನ್ನೊಂದು ಗೋಮಾಳ, ಮತ್ತೊಂದು ಒತ್ತುವರಿ. ತಹಶೀಲ್ದಾರರು ವರ್ಗವಾದರೆ ಮತ್ತೆ ಮೊದಲಿನಿಂದ. ಕೊಡಲು ಜಾಗ ಇಲ್ಲದಿದ್ದರೆ ಇಲ್ಲ ಅಂತ ಹೇಳಿ ಅದರ ಬದಲು ಇಷ್ಟು ಹಣ ಅಂತ ಆದೇಶ ಮಾಡಲಿ. ಇಪ್ಪತ್ತು ವರ್ಷ ಆಸೆಯಲ್ಲಿ ಇಡುವುದಕ್ಕಿಂತ ಅದು ಮರ್ಯಾದೆ.

ಪದಕವೂ ಕಾಗದ ಕಾಯುತ್ತದೆ, ಇದನ್ನು ಕೊಡಗಿನವರು ಚೆನ್ನಾಗಿ ಬಲ್ಲರು. ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋಗಿ ವಾಪಸ್ ಬರಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಿಂದ ಆಗಿನ ಕಾಲದ ಅತಿ ವೇಗದ ಸ್ಟಾರ್‌ಫೈಟರ್ ಅನ್ನು ಅವರು ಹೊಡೆದು ಉರುಳಿಸಿದ್ದರು ಅನ್ನುವುದು ವರ್ಷಗಳ ಮೇಲೆ ಎದುರಾಳಿ ಕಡೆಯ ವಿವರಗಳಿಂದ ಗೊತ್ತಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಅಲ್ಲಿ ಸಾಕ್ಷಿ ಸಿಗಲಿಲ್ಲ, ಒಪ್ಪೋಣ. ಪಿಂಚಣಿಗೆ ಸಾಕ್ಷಿಯೆಲ್ಲ ಕೈಯಲ್ಲೇ ಇರುತ್ತದೆ, ಆದರೂ ತಡ.

ಕೊನೆಗೆ, ಬೆಳಗಾವಿ, ಕೊಡಗು, ಹಾಸನ, ಧಾರವಾಡ, ಬಾಗಲಕೋಟೆ ಕಡೆ ಮನೆಯಲ್ಲಿ ಯಾರಾದರೂ ಈಗ ಸೇವೆಯಲ್ಲಿದ್ದರೆ ಒಂದು ಕೆಲಸ ಮಾಡಿ. ರಜೆಗೆ ಬಂದಾಗ ಕೇಳಿ: ಮದುವೆಯ ಪಾರ್ಟ್ ಟು ಆರ್ಡರ್, ಅಂದರೆ ಮದುವೆಯನ್ನು ಸರ್ವಿಸ್ ದಾಖಲೆಗೆ ಸೇರಿಸುವ ಆದೇಶ, ಆಗಿದೆಯಾ? ಮಕ್ಕಳದ್ದು ಆಗಿದೆಯಾ? ಇದು ಆಗದಿದ್ದರೆ ರೆಕಾರ್ಡ್ ಆಫೀಸಿನ ಪುಸ್ತಕದಲ್ಲಿ ಹೆಂಡತಿ ಅನ್ನುವವಳೇ ಇರುವುದಿಲ್ಲ. ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ, ಆಧಾರ್‌ನಲ್ಲಿ ಒಂದು ಥರ, ಸರ್ವಿಸ್ ದಾಖಲೆಯಲ್ಲಿ ಊರ ಹೆಸರು ಸೇರಿ ಇನ್ನೊಂದು ಥರ. ಪಿಂಚಣಿ ಈಗ 'ಸ್ಪರ್ಶ್' ಅನ್ನುವ ಆನ್‌ಲೈನ್ ವ್ಯವಸ್ಥೆಯಿಂದ ಬರುತ್ತದೆ, ಕಂಪ್ಯೂಟರಿಗೆ ಒಂದು ಅಕ್ಷರ ಹೊಂದದಿದ್ದರೂ ಕಿರಿಕಿರಿ ತಪ್ಪಿದ್ದಲ್ಲ. ವಿಮೆಯ ನಾಮನಿರ್ದೇಶನದಲ್ಲಿ ಯಾರ ಹೆಸರಿದೆ, ಅಪ್ಪ ಅಮ್ಮನಿಗೆ ಎಷ್ಟು, ಹೆಂಡತಿಗೆ ಎಷ್ಟು ಅಂತ ಅವರು ಇರುವಾಗಲೇ ಎಲ್ಲರ ಮುಂದೆ ಮಾತಾಡಿಕೊಳ್ಳಿ, ಅಪಶಕುನ ಅಂತ ಮುಂದೂಡಬೇಡಿ. ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದು ಮರೆತರೆ ಅದೂ ನಿಲ್ಲುತ್ತದೆ. ಯಾವುದೇ ಅನುಮಾನ ಬಂದರೆ ಜಿಲ್ಲೆಗೆ ಸಂಬಂಧಪಟ್ಟ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ನೇರವಾಗಿ ಹೋಗಿ. ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ನಾವು ಹಾಕುವ ದುಡ್ಡೂ ಈ ಕುಟುಂಬಗಳ ಕಲ್ಯಾಣಕ್ಕೇ ಇರುವುದು. ಕೆಲಸ ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ ಅಂತ ಬರುವವನನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಕಳಿಸಿ.